ಕತ್ತಿ ಎತ್ತಿದರೆ ಗದ್ದೆಯ ಮಾತು ಹೋಗುತ್ತದೆ

(ಉಡುಪಿಯಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಿಟ್ಟುಹೋಗಿದ್ದ ಕೆಲವು ಇಸವಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಿಂಸೆಯಿಲ್ಲದೆ ಸಮಾಜ ನಿಜವಾಗಿ ಬದಲಾದೀತೇ ಎಂಬ ವಿಷಯ ಕೊಟ್ಟು ಕರೆಸಿದ್ದೀರಿ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ಆದರೂ ಈ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿದ್ದು ನಮ್ಮ ಮನೆಯೆದುರಿನ ಬಾಕಿಮಾರು ಗದ್ದೆಯ ಹುಣಿಯಲ್ಲಿ, ಅಂದರೆ ಬದುವಿನಲ್ಲಿ. ಅಲ್ಲಿಂದಲೇ ಸುರು ಮಾಡುತ್ತೇನೆ.

ಕಾರ್ಕಳಕ್ಕೆ ಹೋಗುವ ದಾರಿಯಿಂದ ಒಳಗೆ ನಮ್ಮ ಊರು. ನಾವು ಚಾಲಗೇಣಿ ಒಕ್ಕಲು. ಒಟ್ಟು ಎರಡೂವರೆ ಎಕ್ರೆ. ಸ್ವಲ್ಪ ತಗ್ಗಿನ ಬೈಲು, ಸ್ವಲ್ಪ ನಡುವಿನ ಮಜಲು, ಉಳಿದದ್ದು ಮಳೆ ನೀರನ್ನೇ ನಂಬಿದ ಬೆಟ್ಟುಗದ್ದೆ. ಚಾಲಗೇಣಿ ಅಂದರೆ ಏನೆಂದು ಇಲ್ಲಿ ಕೂತ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಮೂಲಗೇಣಿಯವನಿಗೆ ಗೇಣಿ ಕೊಡುತ್ತಿರುವಷ್ಟು ಕಾಲ ಜಾಗ ಮಕ್ಕಳು ಮೊಮ್ಮಕ್ಕಳ ತನಕ ಉಳಿಯುತ್ತಿತ್ತು. ಚಾಲಗೇಣಿಯವನನ್ನು ಧಣಿಗಳು ಮನಸ್ಸು ಬಂದಾಗ ಎಬ್ಬಿಸಬಹುದಿತ್ತು. ನಾವು ಕಟ್ಟಿದ ಮನೆಯ ಅಡಿಯ ನೆಲ ಅವರದ್ದು, ಅಂಗಳದಲ್ಲಿ ನಾವು ನೀರು ಹೊಯ್ದು ಬೆಳೆಸಿದ ತೆಂಗಿನ ಮರವೂ ಅವರದ್ದು. ಬೆಳೆ ಒಳಗಾದ ಮೇಲೆ ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ ಗೇಣಿ ಮುಟ್ಟಿಸಬೇಕು. ಮೇಲಿಂದ ಬುಳೆಕಾಣಿಕೆಯೆಂದು ಸೌತೆಕಾಯಿ, ಬಾಳೆಗೊನೆ ಹೊತ್ತುಕೊಂಡು ಹೋಗಿ ಧಣಿಗಳ ಅಂಗಳದ ಕೆಳಗೆ ನಿಲ್ಲಬೇಕು. ಅಪ್ಪ ತೀರಿಕೊಂಡ ಮೇಲೆ ಆ ಹೊರೆ ಅಮ್ಮನ ತಲೆಗೆ ಬಂತು. ನಾನು ಅವಳ ಹಿಂದೆ ನಿಲ್ಲುತ್ತಿದ್ದೆ. ಒಳಗಿನಿಂದ ಅಳೆಯುವ ಕಳಸಿಗೆ ತರುತ್ತಿದ್ದರು. ಅದು ನಮ್ಮ ಮನೆಯ ಕಳಸಿಗೆಗಿಂತ ದೊಡ್ಡದು ಎಂದು ಅಮ್ಮನಿಗೆ ಗೊತ್ತಿತ್ತು, ಅಳೆಯುವವನಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

1974ರ ಡಿಸೆಂಬರಿನಲ್ಲಿ ನಾವು ಡಿಕ್ಲರೇಶನ್ ಕೊಟ್ಟೆವು. ಫಾರಂ ನಂಬರ್ 7, ಉಳುವ ಗದ್ದೆಯ ಹಕ್ಕು ಕೇಳುವ ಅರ್ಜಿ. ಚಿಮಣಿ ದೀಪದ ಬುಡದಲ್ಲಿ ಕೂತು ಅದನ್ನು ತುಂಬಿಸಿದ್ದು ನಾನು. ಮನೆಯಲ್ಲಿ ಅಕ್ಷರ ಬರುತ್ತಿದ್ದದ್ದು ನನಗೊಬ್ಬಳಿಗೆ. ಅಮ್ಮ ಹೆಬ್ಬೆಟ್ಟು ಒತ್ತಿದಳು. ಒತ್ತಿದ ಮೇಲೆ ಬೆರಳಿನ ಶಾಯಿಯನ್ನು ಸೀರೆಗೆ ಒರೆಸಿಕೊಳ್ಳದೆ ಸುಮಾರು ಹೊತ್ತು ಹಾಗೆಯೇ ಎತ್ತಿ ಹಿಡಿದುಕೊಂಡಿದ್ದಳು. ಸುದ್ದಿ ಧಣಿಗಳ ಮನೆ ಮುಟ್ಟಲು ಎರಡು ದಿನ ಬೇಕಾಗಲಿಲ್ಲ. ಆ ವರ್ಷ ಸುಗ್ಗಿಯ ತನಕ ಯಾರೂ ಏನೂ ಹೇಳಲಿಲ್ಲ.

ಮುಂದಿನ ಕಾರ್ತೆಲ್ ತಿಂಗಳಿನಲ್ಲಿ, ಅಂದರೆ ಜೂನ್-ಜುಲೈ ಹೊತ್ತಿಗೆ, ಮಳೆಗಾಲದ ಏಣೆಲು ಬೆಳೆಯ ನೇಜಿ (ಭತ್ತದ ಸಸಿ) ನೆಟ್ಟ ಮರುದಿನ, ಬೆಳಿಗ್ಗೆ ಬೆಳಿಗ್ಗೆಯೇ ಅವರ ಕಡೆಯ ಆರೇಳು ಮಂದಿ ಬಂದು ಬಾಕಿಮಾರು ಗದ್ದೆಗೆ ಇಳಿದರು. ನೆಟ್ಟದ್ದನ್ನು ತುಳಿದರು, ಕಿತ್ತು ಹುಣಿಗೆ ಎಸೆದರು. ನನ್ನ ಮಾವ, ಅಮ್ಮನ ಅಣ್ಣ, ಒಳಗೆ ಓಡಿ ಕತ್ತಿ ಹಿಡಿದುಕೊಂಡು ಬಂದರು. ಅಮ್ಮ ಹೋಗಿ ಅವರೆದುರು ನಿಂತಳು. ಅವಳು ಹೇಳಿದ್ದು ತುಳುವಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಇಷ್ಟು: “ಅಣ್ಣ, ನೀನು ಕತ್ತಿ ಎತ್ತಿದರೆ ಗದ್ದೆಯ ಮಾತು ಹೋಗಿ ಕತ್ತಿಯ ಮಾತು ಆಗುತ್ತದೆ. ನಾಳೆ ಪೊಲೀಸರ ಕಾಗದದಲ್ಲಿ ಇರುವುದು ನಿನ್ನ ಹೆಸರು.”

ಹೇಳಿದವಳೇ ಸೀರೆ ಮೇಲೆ ಕಟ್ಟಿಕೊಂಡು ಗದ್ದೆಗೆ ಇಳಿದಳು. ಕಿತ್ತೆಸೆದ ನೇಜಿಯನ್ನೇ ಹೆಕ್ಕಿ ಪುನಃ ನೆಡತೊಡಗಿದಳು. ನೆರೆಕರೆಯ ಹೆಂಗಸರು ಒಬ್ಬೊಬ್ಬರೇ ಇಳಿದರು. ಅವರು ಕೀಳುತ್ತಾ ಬಂದರು, ಇವರು ನೆಡುತ್ತಾ ಬಂದರು. ಮಳೆ ಬಿಡದೆ ಹೊಯ್ಯುತ್ತಿತ್ತು. ಮಧ್ಯಾಹ್ನ ಆಗುವಾಗ ಬಂದವರಲ್ಲಿ ಇಬ್ಬರು ಕೈ ತೊಳೆದುಕೊಂಡು ಮೇಲೆ ಬಂದು ಹುಣಿಯಲ್ಲಿ ಕೂತರು. ಅವರೂ ನಮ್ಮ ಹಾಗೆ ಒಕ್ಕಲುಗಳೇ. ಸ್ವಲ್ಪ ಹೊತ್ತಿಗೆ ಉಳಿದವರೂ ಹೋದರು.

ಆ ಇಬ್ಬರು ಹುಣಿಯಲ್ಲಿ ಕೂತದ್ದನ್ನು ನಾನು ಇವತ್ತಿನವರೆಗೆ ಮರೆತಿಲ್ಲ. ಮಾವನ ಕತ್ತಿ ಎದ್ದಿದ್ದರೆ ಅವರು ಕೂರುತ್ತಿರಲಿಲ್ಲ. ತಮ್ಮ ಜೀವ ಉಳಿಸಿಕೊಳ್ಳಲು ಧಣಿಗಳ ಕಡೆಯೇ ಗಟ್ಟಿಯಾಗಿ ನಿಲ್ಲುತ್ತಿದ್ದರು. ಎದುರಿನವನ ಬಲವೆಲ್ಲ ಅವನ ತೋಳಿನಲ್ಲಿ ಇರುವುದಿಲ್ಲ, ಅವನಿಗಾಗಿ ದುಡಿಯುವವರ ತೋಳಿನಲ್ಲಿ ಇರುತ್ತದೆ. ಆ ತೋಳುಗಳು ಹಿಂದೆ ಸರಿಯಬೇಕಾದರೆ ಅವರಿಗೆ ನಮ್ಮಿಂದ ಭಯ ಇರಬಾರದು. ಅಹಿಂಸೆಯ ವಿಷಯದಲ್ಲಿ ನಾನು ಓದಿದ್ದೆಲ್ಲ ಕೊನೆಗೆ ಈ ಮಾತಿಗೇ ಬಂದು ನಿಲ್ಲುತ್ತದೆ. ಅಮ್ಮ ಗಾಂಧೀಜಿಯನ್ನು ಕಂಡವಳಲ್ಲ. ಅವರು ಮಂಗಳೂರಿಗೆ ಮೂರು ಸಲ ಬಂದಿದ್ದರು: 1920ರಲ್ಲಿ, 1927ರಲ್ಲಿ, 1934ರಲ್ಲಿ. ಅಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ಅವಳ ಲೆಕ್ಕ ವ್ಯವಹಾರದ ಲೆಕ್ಕ: ನಮಗೆ ಬೇಕಾದದ್ದು ಗದ್ದೆ, ಆದ್ದರಿಂದ ಮಾತು ಗದ್ದೆಯ ಮೇಲೆಯೇ ಉಳಿಯಬೇಕು.

ಈಗ ಆ ಕಾಯ್ದೆಯ ವಿಷಯ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅಂದಿನಿಂದ ಗೇಣಿ ಭೂಮಿಯೆಲ್ಲ ಸರಕಾರದ ವಶ. ಉಳುತ್ತಿದ್ದವರು ಫಾರಂ 7 ಕೊಟ್ಟು ಹಕ್ಕು ಕೇಳಬೇಕು. ವಿಚಾರಿಸಲು ತಾಲೂಕು ತಾಲೂಕಿಗೆ ಭೂನ್ಯಾಯ ಮಂಡಳಿ. ಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರಕಾರ ನೇಮಿಸಿದ ಸದಸ್ಯರು, ಅವರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಒಬ್ಬರಾದರೂ ಇರಲೇಬೇಕು. ಆರಂಭದಲ್ಲಿ ವಕೀಲರು ಅಲ್ಲಿ ವಾದಿಸುವಂತಿರಲಿಲ್ಲ. ಇದರ ಬೆಲೆ ನನಗೆ ಆಗ ಗೊತ್ತಾಗಲಿಲ್ಲ. ವಕೀಲರಿಗೆ ಕೊಡಲು ಧಣಿಗಳ ಹತ್ತಿರ ದುಡ್ಡಿತ್ತು, ನಮ್ಮ ಹತ್ತಿರ ಇರಲಿಲ್ಲ. ಅಷ್ಟೊಂದು ಜಾಗ ಕೈ ಬದಲಾಯಿಸಿದ್ದು ಇಂಥ ಒಂದು ಫಾರಮಿನಿಂದ. ಬೇರೆ ದೇಶಗಳಲ್ಲಿ ಇಂಥದ್ದಕ್ಕೆ ಹೊಳೆಯಂತೆ ರಕ್ತ ಹರಿದಿದೆ.

ಆದರೆ ಅರಸರು ಕೈಯೆತ್ತಿ ಕೊಟ್ಟರು, ನಾವು ಪಡೆದೆವು ಎಂದು ಮಾತ್ರ ತಿಳಿಯಬೇಡಿ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಇದೇ ಅಳತೆಯ ಜಗಳಕ್ಕೆ. ಅಲ್ಲಿ ಕೊಳಗ, ನಮ್ಮಲ್ಲಿ ಕಳಸಿಗೆ. ಧಣಿಗಳ ಕೊಳಗ ದೊಡ್ಡದು, ನ್ಯಾಯವಾದ ಕೊಳಗದಲ್ಲಿ ಅಳೆಯಿರಿ ಎಂದರು ಎಚ್. ಗಣಪತಿಯಪ್ಪನವರ ಜೊತೆ ನಿಂತ ಒಕ್ಕಲುಗಳು. ಸಮಾಜವಾದಿಗಳು ಸೇರಿಕೊಂಡರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಗಂಡಸರು ಹೆಂಗಸರು ಗುಂಪು ಗುಂಪಾಗಿ ಗದ್ದೆಗೆ ಇಳಿಯುವುದು, ಪೊಲೀಸರು ಎಳೆದೊಯ್ಯುವುದು, ಮರುದಿನ ಇನ್ನೊಂದು ಗುಂಪು ಇಳಿಯುವುದು. ಆ ವರ್ಷ ಗೆದ್ದರೇ ಎಂದು ಕೇಳಿದರೆ ಇಲ್ಲ. ಆದರೆ ಮರುವರ್ಷ ಆ ಸಮಾಜವಾದಿಗಳಲ್ಲೊಬ್ಬರಾದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಹೋದರು, ಕೊಳಗದ ಮಾತು ಸಭೆಯೊಳಗೆ ಹೋಯಿತು. ನಮ್ಮ ಜಿಲ್ಲೆಯಲ್ಲಿ ಬಿ. ವಿ. ಕಕ್ಕಿಲ್ಲಾಯರಂಥ ಕಮ್ಯುನಿಸ್ಟರು ಒಕ್ಕಲುಗಳ ಪರವಾಗಿ ಊರೂರು ಸುತ್ತಿದರು. ಕಾಗೋಡಿನಿಂದ ಫಾರಂ 7ರ ತನಕ ಇಪ್ಪತ್ತಮೂರು ವರ್ಷ. ಅಮ್ಮ ಒತ್ತಿದ ಹೆಬ್ಬೆಟ್ಟಿನ ಹಿಂದೆ ಅಷ್ಟು ಜನರ ಜೈಲುವಾಸ ಇತ್ತು.

ಇನ್ನೂ ಎರಡು ಮಾತು ಮುಚ್ಚಿಡಬಾರದು. ನಾವು ಪುನಃ ನೇಜಿ ನೆಟ್ಟ ಆ ದಿನಗಳಲ್ಲೇ ದೇಶದ ಮೇಲೆ ತುರ್ತು ಪರಿಸ್ಥಿತಿ ಬಂದಿತ್ತು. ವಿರೋಧಿಸಿದವರನ್ನು ವಿಚಾರಣೆಯಿಲ್ಲದೆ ಒಳಗೆ ಹಾಕುತ್ತಿದ್ದ ಸರಕಾರದ ಭಯವೂ ಎಷ್ಟೋ ಧಣಿಗಳನ್ನು ಸುಮ್ಮನಿರಿಸಿತು. ಅಹಿಂಸೆಯ ಗೆಲುವು ಎಂದು ನಾನು ಹೇಳುವುದರ ಪಕ್ಕದಲ್ಲಿ ಪ್ರಭುತ್ವದ ದೊಣ್ಣೆ ನಿಂತಿತ್ತು, ಹೌದು. ಎರಡನೆಯದು, ಎಲ್ಲ ಧಣಿಗಳೂ ದೊಡ್ಡ ಧಣಿಗಳಾಗಿರಲಿಲ್ಲ. ನಮ್ಮೂರಲ್ಲಿ ಒಬ್ಬರು ವಿಧವೆ ಅಜ್ಜಿ ಇದ್ದರು, ಎರಡೆಕ್ರೆಯ ಗೇಣಿಯಲ್ಲಿ ಬದುಕುತ್ತಿದ್ದವರು. ಅದೂ ಹೋಯಿತು. ಅಮ್ಮ ಪ್ರತಿ ವರ್ಷ ಬೆಳೆ ಬಂದ ಮೇಲೆ ಅವರ ಮನೆಗೆ ಅರ್ಧ ಮುಡಿ ಅಕ್ಕಿ ಕಳಿಸುತ್ತಿದ್ದಳು. ಅವರು ನಮ್ಮ ಧಣಿಗಳೇನೂ ಆಗಿರಲಿಲ್ಲ. “ಅವರಿಗೆ ಯಾರಿದ್ದಾರೆ” ಎನ್ನುತ್ತಿದ್ದಳು, ಅಷ್ಟೆ. ಬದಲಾವಣೆ ಬಂದ ಮೇಲೂ ಒಂದೇ ಊರಿನಲ್ಲಿ, ಒಂದೇ ಬಾವಿಕಟ್ಟೆಯ ಹತ್ತಿರ ಎದುರು ಬದುರು ಸಿಗಬೇಕಾದವರು ನಾವು. ರಕ್ತ ಬಿದ್ದಿದ್ದರೆ ಆ ಅರ್ಧ ಮುಡಿ ಅಕ್ಕಿ ಹೋಗುವ ದಾರಿ ಇರುತ್ತಿರಲಿಲ್ಲ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಫಾರಂ 7 ತುಂಬಿಸಬೇಕಾದರೆ ಉಳುವ ಗದ್ದೆ ಬೇಕು. ಗೇಣಿಗೂ ಗದ್ದೆ ಇಲ್ಲದವರು ಏನು ತುಂಬಿಸಬೇಕು? ನಮ್ಮ ಗದ್ದೆಯಲ್ಲಿ ಕೂಲಿಗೆ ಬರುತ್ತಿದ್ದವರಿಗೆ, ಗುಡ್ಡದ ಬದಿಯ ಕೊಪ್ಪದಲ್ಲಿದ್ದ ಬುಡಕಟ್ಟಿನ ಕೊರಗರಿಗೆ ಆ ಕಾಯ್ದೆಯಿಂದ ಏನೂ ಸಿಗಲಿಲ್ಲ. ಒಕ್ಕಲುಗಳಾಗಿದ್ದ ನಾವು ಒಡೆಯರಾದೆವು. ಅವರು ಅಂಗಳದ ಕೆಳಗೆಯೇ ನಿಂತರು, ಈ ಸಲ ನಮ್ಮ ಅಂಗಳದ ಕೆಳಗೆ. ಇದನ್ನು ಹೇಳಲು ನನಗೆ ಸಂಕಟವಾಗುತ್ತದೆ. ಆದರೆ ಹೇಳದಿದ್ದರೆ ಈ ಉಪನ್ಯಾಸಕ್ಕೆ ಅರ್ಥವಿಲ್ಲ.

ಅಜಲು ಎಂಬ ಪದ್ಧತಿಯ ಬಗ್ಗೆ ಕೇಳಿದ್ದೀರಾ? ಮನೆಯ ದೋಷ, ಮಗುವಿನ ದೋಷ ಹೋಗಲೆಂದು ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ಕೊಡುತ್ತಿದ್ದರು. ಕಂಬಳದ ಹಿಂದಿನ ರಾತ್ರಿ ಅವರು ಗದ್ದೆಯ ಬಳಿ ಇಬ್ಬನಿಯಲ್ಲಿ ಕೂತು ಬೆಳಗಿನ ತನಕ ಡೋಲು ಬಾರಿಸಬೇಕು. ಅದಕ್ಕೆ ‘ಪನಿ ಕುಲ್ಲುನು’ ಎಂದು ಹೆಸರು. ಕೋಣಗಳ ಮುಂದೆ ಅವರನ್ನೇ ಓಡಿಸುತ್ತಿದ್ದರು. ಅಲ್ಲಿ ಯಾರ ಕೈಯಲ್ಲೂ ಆಯುಧ ಇರಲಿಲ್ಲ. ಶತಮಾನಗಳ ಕಾಲ ಪೊಲೀಸರ ಯಾವ ಕಾಗದದಲ್ಲೂ ಅದು ಅಪರಾಧವಾಗಿ ದಾಖಲಾಗಲಿಲ್ಲ. ಹಾಗಿದ್ದರೆ ಅದನ್ನು ಶಾಂತಿ ಎನ್ನಬೇಕೇ? ‘ಹಿಂಸೆಯಿಲ್ಲದೆ ಬದಲಾವಣೆ ಸಾಧ್ಯವೇ’ ಎಂದು ಕೇಳುವವರು ಬದಲಾಗಬೇಕಾದ ವ್ಯವಸ್ಥೆ ಈಗಾಗಲೇ ಹಿಂಸೆಯಲ್ಲಿ ಮುಳುಗಿದೆ ಎಂಬುದನ್ನು ಮೊದಲು ಒಪ್ಪಬೇಕು. ಸಹಿಸಿಕೊಂಡು ಕೂತವರು ಅಹಿಂಸಾವಾದಿಗಳಲ್ಲ. ನೋಡಿಕೊಂಡು ಕೂತ ನಾವಂತೂ ಖಂಡಿತ ಅಲ್ಲ. ಕೊರಗ ಸಮುದಾಯದ ಓದಿದ ಮಕ್ಕಳು ‘ಇನ್ನು ಅಜಲಿಗೆ ಡೋಲು ಬಾರಿಸುವುದಿಲ್ಲ’ ಎಂದ ದಿನ ಅಲ್ಲಿ ಅಹಿಂಸೆ ಸುರುವಾಯಿತು. ಅಜಲು ನಿಷೇಧ ಕಾಯ್ದೆ ಬಂದದ್ದು 2000ದಲ್ಲಿ. ಅಂದರೆ ಸ್ವಾತಂತ್ರ್ಯ ಬಂದು ಐವತ್ತಮೂರು ವರ್ಷ ಆದ ಮೇಲೆ.

ಇಲ್ಲಿ ನನಗೆ ಕಾಣುವ ಒಂದು ವಿಷಯ ಇದೆ. ಧಣಿಗೆ ಒಕ್ಕಲು ಬೇಕು, ಅವನಿಲ್ಲದೆ ಗದ್ದೆ ಹಡಿಲು ಬೀಳುತ್ತದೆ. ಆದ್ದರಿಂದ ಒಕ್ಕಲು ‘ಇಲ್ಲ’ ಎಂದಾಗ ಅದಕ್ಕೆ ತೂಕ ಬರುತ್ತದೆ. ನಾನು ‘ಇಲ್ಲ’ ಎಂದರೆ ಎದುರಿನವನಿಗೆ ಏನೂ ನಷ್ಟವಿಲ್ಲ ಎನ್ನುವ ಸ್ಥಿತಿಯಲ್ಲಿ ಇರುವವರಿಗೆ ಏನು ದಾರಿ? ಅವರಿಗೆ ಬೇರೆಯವರು ತಮ್ಮ ತೂಕವನ್ನು ಸಾಲ ಕೊಡಬೇಕಾಗುತ್ತದೆ. ಕುದ್ಮುಲ್ ರಂಗರಾಯರು ಮಾಡಿದ್ದು ಅದನ್ನೇ.

ರಂಗರಾಯರು ಮಂಗಳೂರಿನ ವಕೀಲರು. ಕುಲ, ವಿದ್ಯೆ, ಗೌರವ ಎಲ್ಲ ಇದ್ದವರು. 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಆ ಹೊತ್ತಿಗೆ ಗಾಂಧೀಜಿ ಇನ್ನೂ ದಕ್ಷಿಣ ಆಫ್ರಿಕಾದಲ್ಲಿದ್ದರು, ಅಂಬೇಡ್ಕರರು ಪುಟ್ಟ ಬಾಲಕ. ಜಾತಿಯವರು ರಾಯರಿಗೆ ಬಹಿಷ್ಕಾರ ಹಾಕಿದರು. ಬಹಿಷ್ಕಾರ ಎಂಬ ಪದ ಪರೀಕ್ಷೆಯಲ್ಲಿ ಬರೆಯಲು ಸುಲಭ. ಮನೆಯಲ್ಲಿ ಅದು ಹೇಗಿರುತ್ತದೆ ಎಂದು ಯೋಚಿಸಿ: ಮದುವೆಗೆ ಕರೆಯುವವರಿಲ್ಲ, ಸತ್ತರೆ ಹೊರುವವರಿಲ್ಲ, ಮಕ್ಕಳ ಜೊತೆ ಆಡುವ ಮಕ್ಕಳಿಲ್ಲ. ಅದನ್ನು ಅವರು ಹೊತ್ತರು, ಹೊರಿಸಿದವರ ಮೇಲೆ ಹಾಯಲಿಲ್ಲ. ಮಗಳು ರಾಧಾಬಾಯಿಯವರನ್ನು ಬೇರೆ ಜಾತಿಯ, ಬೇರೆ ಭಾಷೆಯ ಪಿ. ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. ತನ್ನ ಶಾಲೆಯಲ್ಲಿ ಕಲಿತ ಮಗುವೊಂದು ಸರಕಾರಿ ಕೆಲಸ ಹಿಡಿದು ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಚಕ್ರದ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಒಂದು ನಿಮಿಷ ನಿಲ್ಲಿ.

ಮಂಗಳೂರಿನ ಕುದ್ರೋಳಿಯದ್ದು ಇನ್ನೊಂದು ದಾರಿ. ದೇವಸ್ಥಾನದೊಳಗೆ ಬಿಡದಿದ್ದ ಕಾಲದಲ್ಲಿ ಬಿಲ್ಲವ ಸಮಾಜದವರು ಕೊರಗಪ್ಪನವರ ಮುಂದಾಳುತನದಲ್ಲಿ ನಾರಾಯಣ ಗುರುಗಳನ್ನು ಕರೆಸಿದರು. 1912ರಲ್ಲಿ ಗೋಕರ್ಣನಾಥೇಶ್ವರ ದೇವಸ್ಥಾನ ಎದ್ದು ನಿಂತಿತು. ಮುಚ್ಚಿದ ಬಾಗಿಲನ್ನು ಒಡೆಯಲು ಯಾರೂ ಹೋಗಲಿಲ್ಲ, ಆ ಬಾಗಿಲಿಗೇ ಬೆಲೆ ಇಲ್ಲದ ಹಾಗೆ ಮಾಡಿದರು. ಇವತ್ತು ಅಲ್ಲಿಯ ದಸರಾಕ್ಕೆ ಯಾರು ಯಾವ ಜಾತಿ ಎಂದು ಕೇಳುವವರಿಲ್ಲ. 2013ರಲ್ಲಿ ಅದೇ ದೇವಸ್ಥಾನದಲ್ಲಿ ಇಬ್ಬರು ವಿಧವೆಯರು ಅರ್ಚಕಿಯರಾದರು. ನಮ್ಮ ಉಡುಪಿಯಲ್ಲೂ ನೋಡಿ, ಉಂಡ ಎಲೆಗಳ ಮೇಲೆ ಉರುಳುವ ಮಡೆಸ್ನಾನದ ವಿರುದ್ಧ ವರ್ಷಗಟ್ಟಲೆ ಧರಣಿ, ನ್ಯಾಯಾಲಯ, ವಾದ ವಿವಾದ. 2018ರ ಷಷ್ಠಿಗೆ ಪರ್ಯಾಯ ಪೀಠದಲ್ಲಿದ್ದ ಪಲಿಮಾರು ಶ್ರೀಗಳೇ ಕೃಷ್ಣಮಠದಲ್ಲಿ ಮಡೆಸ್ನಾನ, ದೇವರ ನೈವೇದ್ಯ ಬಡಿಸಿದ ಎಲೆಗಳ ಮೇಲೆ ಉರುಳುವ ಎಡೆಸ್ನಾನ ಎರಡನ್ನೂ ನಿಲ್ಲಿಸಿದರು. ಒಳಗಿನವರು ಬದಲಾಗಲು ಹೊರಗಿನವರು ದಾರಿ ಬಿಟ್ಟುಕೊಟ್ಟರೆ ಹೀಗೂ ಆಗುತ್ತದೆ.

ಹಾಗಾದರೆ ಕತ್ತಿ ಹಿಡಿದವರನ್ನು ನಾನು ಹಳಿಯುತ್ತೇನೆಯೇ? ಇಲ್ಲ. 1837ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ರೈತರು ನಡೆದು ಬಂದು ಮಂಗಳೂರನ್ನು ಹಿಡಿದರು. ಕಂದಾಯವನ್ನು ನಗದಿನಲ್ಲೇ ಕಟ್ಟಬೇಕೆಂಬ ಈಸ್ಟ್ ಇಂಡಿಯಾ ಕಂಪನಿಯ ಹಟ ಅವರ ಬೆನ್ನು ಮುರಿದಿತ್ತು. ಬಾವುಟಗುಡ್ಡೆಯಲ್ಲಿ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದರು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಆಮೇಲೆ ಹೊರಗಿನಿಂದ ಸೈನ್ಯ ಬಂತು, ಮುಂದಾಳುಗಳಲ್ಲಿ ಕೆಲವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಅವರ ಧೈರ್ಯಕ್ಕೆ ತಲೆಬಾಗುತ್ತೇನೆ. ಬೇರೆ ದಾರಿ ಅವರಿಗೆ ಯಾರೂ ತೆರೆದಿಟ್ಟಿರಲಿಲ್ಲ, ಅರ್ಜಿ ಕೊಡಲು ಒಂದು ಫಾರಂ ಇರಲಿಲ್ಲ.

ನಮ್ಮ ಕಾಲದ ಕಾಡಿನ ನಕ್ಸಲ್ ಬಂದೂಕಿನ ವಿಷಯದಲ್ಲಿ ನನಗೆ ಹೆಚ್ಚು ನೋವಿದೆ, ಏಕೆಂದರೆ ಹಾಗೆ ಹೋದವರ ವಯಸ್ಸಿನ ಮಕ್ಕಳಿಗೆ ನಾನು ಪಾಠ ಮಾಡಿದ್ದೇನೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ಬುಡಕಟ್ಟಿನ ಮಲೆಕುಡಿಯರ ಮನೆಗಳಿಗೆ ಒಕ್ಕಲೆಬ್ಬಿಸುವ ಭಯ ಇದ್ದದ್ದು ನಿಜ, ರಸ್ತೆ, ಕರೆಂಟು ಇಲ್ಲದ್ದು ನಿಜ. ಆ ನೋವಿನ ಮೇಲೆ ಬಂದೂಕು ಬಂತು. 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವತಿಯರು ಸತ್ತರು. 2005ರಲ್ಲಿ ನಕ್ಸಲ್ ಮುಂದಾಳು ಸಾಕೇತ್ ರಾಜನ್ ಸತ್ತರು, ಕೆಲವೇ ದಿನಗಳಲ್ಲಿ ಪಾವಗಡದ ಕಡೆ ಪೊಲೀಸರು ಸತ್ತರು. ಮಾಹಿತಿ ಕೊಟ್ಟರೆಂಬ ಸಂಶಯಕ್ಕೆ ನಕ್ಸಲರ ಕೈಯಲ್ಲಿ ಊರಿನ ಬಡವರೂ ಸತ್ತರು. 2024ರ ನವೆಂಬರಿನಲ್ಲಿ ಹೆಬ್ರಿ ಕಡೆಯ ಕಬ್ಬಿನಾಲೆಯಲ್ಲಿ ಇನ್ನೊಬ್ಬ ನಕ್ಸಲ್ ಮುಂದಾಳು ವಿಕ್ರಮ್ ಗೌಡ ಸತ್ತರು. 2025ರ ಜನವರಿಯಲ್ಲಿ ಉಳಿದವರಲ್ಲಿ ಆರು ಮಂದಿ ಬೆಂಗಳೂರಿಗೆ ಹೋಗಿ ಮುಖ್ಯಮಂತ್ರಿಗಳ ಎದುರು ಶರಣಾದರು.

ಇಪ್ಪತ್ತು ವರ್ಷಕ್ಕೂ ಮೀರಿ ಆ ಕಾಡಿನ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದು ಏನು? ಕೂಂಬಿಂಗ್, ಎನ್‌ಕೌಂಟರ್, ಶರಣಾಗತಿ. ಮಲೆಕುಡಿಯರ ಜಾಗದ ಹಕ್ಕುಪತ್ರ ಎಲ್ಲಿ ಹೋಯಿತು? ಗದ್ದೆಯ ಮಾತು ಹೋಗಿ ಕತ್ತಿಯ ಮಾತು ಆಯಿತು. ಅದರ ದಂಡ ಕಟ್ಟಿದ್ದು ಬಂದೂಕು ಮುಟ್ಟದವರು. ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಒಬ್ಬ ಪತ್ರಿಕೋದ್ಯಮ ವಿದ್ಯಾರ್ಥಿ, ಮಲೆಕುಡಿಯರ ಹುಡುಗ, 2012ರಲ್ಲಿ ನಕ್ಸಲರ ನಂಟಿನ ಆರೋಪದಲ್ಲಿ ತಂದೆಯ ಜೊತೆ ಬಂಧನಕ್ಕೆ ಒಳಗಾದ. ನಿರ್ದೋಷಿ ಎಂದು ನ್ಯಾಯಾಲಯ ಹೇಳಿದ್ದು 2021ರಲ್ಲಿ. ಒಂಬತ್ತು ವರ್ಷ! ಅದೇ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತಲ್ಲ, ಅದನ್ನು ನಿಲ್ಲಿಸಿದ್ದು ಪರಿಸರದವರ ಅರ್ಜಿಯ ಮೇಲೆ 2002ರಲ್ಲಿ ಬಂದ ಸುಪ್ರೀಂ ಕೋರ್ಟಿನ ಆದೇಶ. ಒಂದು ಗುಂಡೂ ಹಾರದೆ ಅಷ್ಟು ದೊಡ್ಡ ಗಣಿ ಮುಚ್ಚಿತು.

ಹೊರಗಿನ ಪ್ರಪಂಚದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಎಂಬ ಇಬ್ಬರು ವಿದ್ವಾಂಸೆಯರು 1900ರಿಂದ 2006ರ ತನಕದ 323 ಹೋರಾಟಗಳನ್ನು ಲೆಕ್ಕ ಹಾಕಿದ್ದಾರೆ. ಅಹಿಂಸೆಯವುಗಳಲ್ಲಿ ನೂರಕ್ಕೆ 53 ಗೆದ್ದವು, ಹಿಂಸೆಯವುಗಳಲ್ಲಿ 26. ಅಹಿಂಸೆಯವೂ ಹತ್ತಿರ ಹತ್ತಿರ ಅರ್ಧದಷ್ಟು ಗುರಿ ಮುಟ್ಟಲಿಲ್ಲ ಎಂಬುದನ್ನೂ ಅದೇ ಲೆಕ್ಕದಲ್ಲಿ ಓದಬೇಕು. ಅಮೆರಿಕದಲ್ಲಿ ಗುಲಾಮಗಿರಿ ಕೊನೆಯಾದದ್ದು 1861ರಿಂದ 1865ರ ತನಕ ನಡೆದ ಘೋರ ಯುದ್ಧದಿಂದ. ಹಿಂಸೆಯಿಂದ ಏನೂ ಬದಲಾಗಿಲ್ಲ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಆದರೆ ಯುದ್ಧ ಗೆದ್ದು ತೊಂಬತ್ತು ವರ್ಷವಾದ ಮೇಲೂ ಕಪ್ಪು ಹೆಂಗಸು ಬಸ್ಸಿನಲ್ಲಿ ಎದ್ದು ಸೀಟು ಬಿಡಬೇಕಿತ್ತು. ಅಲ್ಲಿಯ ಮಾಂಟ್ಗೊಮರಿ ನಗರದ ಕಪ್ಪು ಜನ 381 ದಿನ ಬಸ್ಸು ಹತ್ತದೆ ನಡೆದರು, ಆಮೇಲೆ ಆ ಸೀಟು ಸಿಕ್ಕಿತು.

ಅಂಬೇಡ್ಕರರ ಮಾತು ಬಿಟ್ಟು ಈ ವಿಷಯ ಮುಂದೆ ಹೋಗುವುದಿಲ್ಲ. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡದ ಚವದಾರ ಕೆರೆಯ ನೀರು ಮುಟ್ಟಿ ಹಿಂದಿರುಗಿದ ದಲಿತರ ಮೇಲೆ ಸವರ್ಣೀಯರು ದೊಣ್ಣೆ ಹಿಡಿದು ಬಿದ್ದರು. ಪೆಟ್ಟು ತಿಂದವರಲ್ಲಿ ಸೈನ್ಯದಲ್ಲಿ ದುಡಿದು ಬಂದವರಿದ್ದರು, ತಿರುಗಿ ಹೊಡೆಯಲು ತೋಳಿನಲ್ಲಿ ಬಲವಿತ್ತು. ಬಾಬಾಸಾಹೇಬರು ತಡೆದರು. ಕೆರೆಯ ವ್ಯಾಜ್ಯ ಹತ್ತು ವರ್ಷ ನಡೆಯಿತು, 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು. ನೀರಿನ ಮಾತು ನೀರಿನ ಮೇಲೆಯೇ ಉಳಿಯಿತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ರಕ್ತಪಾತದ ದಾರಿಯನ್ನು ಬಿಡಿ ಎಂದದ್ದರ ಜೊತೆಗೆ ಸತ್ಯಾಗ್ರಹವನ್ನೂ ಬಿಡಿ, ಇನ್ನು ಸಂವಿಧಾನದ ದಾರಿ ತೆರೆದಿದೆ ಎಂದರು. ಈ ಎರಡನೆಯದನ್ನು ನಾನು ಪೂರ್ತಿ ಒಪ್ಪಲಾರೆ. ತೆರೆದ ದಾರಿಯಲ್ಲಿ ಬಡವರು ನಡೆಯಬೇಕಾದರೆ ಕೆಲವು ಸಲ ರಸ್ತೆಯಲ್ಲಿ ಕೂರಲೇಬೇಕಾಗುತ್ತದೆ.

ಇನ್ನು ನಿಮ್ಮ ವಿಷಯ, ಮಕ್ಕಳೇ. ನಮ್ಮ ಕರಾವಳಿಯಲ್ಲಿ ಒಂದು ಹೆಣ ಬಿದ್ದರೆ ಅದರ ಲೆಕ್ಕಕ್ಕೆ ಇನ್ನೊಂದು ಹೆಣ ಎನ್ನುವವರು ಬೆಳೆಯುತ್ತಿದ್ದಾರೆ. ಸಮಾಜವನ್ನು ಕಾಯುತ್ತೇವೆ, ಬದಲಾಯಿಸುತ್ತೇವೆ ಎಂದೇ ಅವರೂ ಹೇಳುತ್ತಾರೆ. ಅಂಥ ಒಂದು ಮರುದಿನದ ಬೆಳಿಗ್ಗೆ ನಾನು ನೋಡಿದ್ದನ್ನು ಹೇಳುತ್ತೇನೆ. ಅಂಗಡಿಗಳೆಲ್ಲ ಬಂದ್, ನಿಷೇಧಾಜ್ಞೆ, ಬಸ್ಸಿಲ್ಲ. ಬೀಡಿ ಬ್ರಾಂಚಿನ ಮುಚ್ಚಿದ ಬಾಗಿಲಿನೆದುರು ಒಬ್ಬಳು ಹೆಂಗಸು ನಿಂತಿದ್ದಳು, ತೊಟ್ಟೆಯಲ್ಲಿ ಕಟ್ಟುಕಟ್ಟಿದ ಬೀಡಿ. ರಾತ್ರಿ ಕೂತು ಕಟ್ಟಿದ್ದು. ಅದನ್ನು ಕೊಟ್ಟರೆ ಎಲೆ, ಹೊಗೆಸೊಪ್ಪು ಸಿಗಬೇಕು, ಸಿಕ್ಕಿದರೆ ನಾಳೆಯ ಕೆಲಸ. ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಬಂದಳು, ಅವಳ ತೊಟ್ಟೆಯಲ್ಲೂ ಬೀಡಿ. ಒಬ್ಬಳ ತಲೆಯ ಮೇಲೆ ಬುರ್ಖಾದ ಬಟ್ಟೆ, ಇನ್ನೊಬ್ಬಳ ಹಣೆಯಲ್ಲಿ ಕುಂಕುಮ. ಇಬ್ಬರೂ ಮೆಟ್ಟಿಲಲ್ಲಿ ಕೂತರು. ಬ್ರಾಂಚ್ ಎಷ್ಟು ದಿನ ತೆರೆಯಲಿಕ್ಕಿಲ್ಲ ಎಂದು ಮಾತನಾಡಿಕೊಂಡರು. ಆ ಎರಡು ಮನೆಗಳಲ್ಲಿ ಎರಡು ದಿನ ಒಲೆ ಹೇಗೆ ಉರಿಯಿತು ಎಂಬುದನ್ನು ಕೊಂದವರ ಪರ ಜೈಕಾರ ಹಾಕಿದ ಯಾರೂ ಕೇಳಲಿಲ್ಲ. ಕೂಲಿಯ ಮಾತು, ಆಸ್ಪತ್ರೆಯ ಮಾತು, ಮಕ್ಕಳ ಫೀಸಿನ ಮಾತು, ಎಲ್ಲವನ್ನೂ ಆ ಒಂದು ಕತ್ತಿ ನುಂಗಿತ್ತು. ಕೋಪ ಬಂದಾಗ ಯಾರಾದರೂ ನಿಮ್ಮ ಕೈಗೆ ಏನನ್ನಾದರೂ ಹಿಡಿಸಲು ಬಂದರೆ ಇದರಿಂದ ಯಾವ ಮಾತು ಮುಚ್ಚಿಹೋಗುತ್ತದೆ ಎಂದು ಕೇಳಿ. ನಿಮ್ಮಲ್ಲಿ ನಾನು ಬೇಡಿಕೊಳ್ಳುವುದು ಇಷ್ಟನ್ನೇ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬಳು ಹುಡುಗಿ ಎದ್ದು ನಿಂತು, “ಮೇಡಂ, ಕೊನೆಗೆ ನಿಮ್ಮ ಅಮ್ಮನಿಗೆ ಆ ಗದ್ದೆ ಸಿಕ್ಕಿತಾ?” ಎಂದು ಕೇಳಿದಳು. ಅವಳಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಬರೆಯುತ್ತೇನೆ.

1978ರಲ್ಲಿ ನಮ್ಮ ಅರ್ಜಿ ಮಂಡಳಿಯ ಎದುರು ಬಂತು. ತಾಲೂಕು ಕಚೇರಿಯ ಜಗಲಿಯಲ್ಲಿ ಬೆಳಗಿನಿಂದ ಕಾದು, ಮೂರು ಗಂಟೆಗೆ ಒಳಗೆ ಕರೆದರು. ಧಣಿಗಳ ಕಡೆಯವರು, ಈ ಹೆಂಗಸು ಕೂಲಿಗೆ ಬರುತ್ತಿದ್ದವಳು, ಒಕ್ಕಲು ಅಲ್ಲ ಎಂದರು. ಗೇಣಿ ಚೀಟು ನಮ್ಮ ಹತ್ತಿರ ಇರಲಿಲ್ಲ, ಅವರು ಕೊಟ್ಟೇ ಇರಲಿಲ್ಲ. ಅಧ್ಯಕ್ಷರು ಅಮ್ಮನ ಕಡೆ ತಿರುಗಿ, “ನೀವು ಮಾಡುವ ಗದ್ದೆಗಳು ಯಾವುವು, ಹೇಳಿಯಮ್ಮ” ಎಂದರು.

ಅಮ್ಮ ಜನ್ಮದಲ್ಲಿ ಮೊದಲ ಬಾರಿ ಕುರ್ಚಿಯಲ್ಲಿ ಕೂತವರೆದುರು ನೆಟ್ಟಗೆ ನಿಂತು ಮಾತನಾಡಿದಳು. ಬಾಕಿಮಾರಿನಿಂದ ಸುರು ಮಾಡಿದಳು. ಅದರ ಬಡಗು ಹುಣಿಯಲ್ಲಿ ಏಡಿ ಬಿಲ ಕೊರೆಯುತ್ತದೆ, ಪ್ರತಿ ವರ್ಷ ಮಣ್ಣು ಮೆತ್ತಬೇಕು. ಮಜಲಿನ ಮೇಲಿನ ಗದ್ದೆಗೆ ನೀರು ಕಟ್ಟಬೇಕಾದರೆ ಹಲಸಿನ ಮರದ ಬುಡದಲ್ಲಿ ಕಂಡಿ ತೆಗೆಯಬೇಕು, ಬೇರೆ ಕಡೆ ತೆಗೆದರೆ ನಿಲ್ಲುವುದಿಲ್ಲ. ಬೈಲಿನ ಮೂಲೆಯಲ್ಲಿ ಒಂದು ಕಡೆ ಕೋಣ ಹೂತುಹೋಗುತ್ತದೆ, ಅಲ್ಲಿ ಹೂಡುವಂತಿಲ್ಲ, ಹಾರೆಯಲ್ಲೇ ಅಗೆಯಬೇಕು. ಬೆಟ್ಟುಗದ್ದೆಗೆ ಮಳೆಗಾಲದ ಆಟಿ ತಿಂಗಳಿನಲ್ಲಿ ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಪೈರು ಹಳದಿಯಾಗುತ್ತದೆ. ಬರೆದುಕೊಳ್ಳುತ್ತಿದ್ದ ಗುಮಾಸ್ತರು ಪೆನ್ನು ನಿಲ್ಲಿಸಿ ತಲೆಯೆತ್ತಿ ನೋಡಿದರು. ಅಧ್ಯಕ್ಷರು ಎರಡು ಸಲ “ಸಾಕಮ್ಮ, ಸಾಕು” ಎಂದರು. ಅಮ್ಮನಿಗೆ ಇನ್ನೂ ಮೂರು ಗದ್ದೆ ಹೇಳಲು ಉಳಿದಿತ್ತು. ಅದನ್ನೂ ಹೇಳಿಯೇ ಅವಳು ಹೊರಗೆ ಬಂದಳು.